ಒಂದು ಗೇಟಿಗೆ ಒಂದೇ ಸಂಘ: ಕರ್ನಾಟಕದ ಎಡ ಕಾರ್ಮಿಕ ಸಂಘಟನೆಗಳಿಗೆ ಬಹಿರಂಗ ಪತ್ರ



ಎಐಟಿಯುಸಿ, ಸಿಐಟಿಯು, ಎಐಸಿಸಿಟಿಯು, ಎಐಯುಟಿಯುಸಿ, ಎನ್‌ಟಿಯುಐ ಮತ್ತು ಯಾವ ಕೇಂದ್ರ ಸಂಘಟನೆಗೂ ಸೇರದೆ ಗಾರ್ಮೆಂಟ್ಸ್, ಡೆಲಿವರಿ, ಮನೆಗೆಲಸದವರ ನಡುವೆ ಓಡಾಡುತ್ತಿರುವ ಸ್ವತಂತ್ರ ಸಂಘಗಳು, ನಿಮ್ಮೆಲ್ಲರಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಯಾವ ಪಕ್ಷದ ಸದಸ್ಯನೂ ಅಲ್ಲ. ಆದರೆ ನಿಮ್ಮಲ್ಲಿ ಹಲವರಿಗೆ ಕರಪತ್ರ ಬರೆದುಕೊಟ್ಟಿದ್ದೇನೆ, ನಿಮ್ಮ ಗೇಟ್ ಮೀಟಿಂಗುಗಳಲ್ಲಿ ನಿಂತಿದ್ದೇನೆ, ನಿಮ್ಮ ಗೆಲುವನ್ನು ನನ್ನದೆಂದುಕೊಂಡು ಬದುಕಿದ್ದೇನೆ. ಆ ಸಲುಗೆಯಿಂದ ಬರೆಯುತ್ತಿದ್ದೇನೆ.

2025ರ ನವೆಂಬರ್ 21ರಂದು ನಾಲ್ಕೂ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳ ವಿರುದ್ಧ ನೀವು ವರ್ಷಗಟ್ಟಲೆ ಜೊತೆಯಾಗಿಯೇ ಹೋರಾಡಿದ್ದೀರಿ. 2020ರ ನವೆಂಬರ್ 26, 2022ರ ಮಾರ್ಚ್ 28 ಮತ್ತು 29, 2025ರ ಜುಲೈ 9ರ ಸಾರ್ವತ್ರಿಕ ಮುಷ್ಕರಗಳಲ್ಲಿ ನಿಮ್ಮ ಬಾವುಟಗಳು ಅಕ್ಕಪಕ್ಕದಲ್ಲೇ ಇದ್ದವು. ಸಂಹಿತೆಗಳಲ್ಲಿ ಏನು ಕೆಟ್ಟದ್ದಿದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಲೇಆಫ್‌ಗೂ ಕಾರ್ಖಾನೆ ಮುಚ್ಚುವುದಕ್ಕೂ ಸರ್ಕಾರದ ಅನುಮತಿ ಕೇಳಬೇಕಾದ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿತು. ನಿಗದಿತ ಅವಧಿಯ ನೇಮಕಾತಿ ಎಲ್ಲ ಕಡೆಗೂ ಬಂತು. ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸು ಕೊಡಬೇಕು. ಅರ್ಧದಷ್ಟು ಮಂದಿ ಒಂದೇ ದಿನ ಸಾಂದರ್ಭಿಕ ರಜೆ (ಸಿ.ಎಲ್.) ಹಾಕಿದರೆ ಅದೂ ಮುಷ್ಕರದ ಲೆಕ್ಕಕ್ಕೇ ಸೇರುತ್ತದೆ. ಇವೆಲ್ಲ ನಿಮ್ಮ ಕರಪತ್ರಗಳಲ್ಲಿ ದಪ್ಪಕ್ಷರದಲ್ಲಿವೆ.

ಸಣ್ಣಕ್ಷರದಲ್ಲಿ ಉಳಿದುಹೋದ ಒಂದು ಸಂಗತಿಯಿದೆ. ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಒಂದು ಕಾರ್ಖಾನೆಯಲ್ಲಿ ಒಂದಕ್ಕಿಂತ ಹೆಚ್ಚು ಸಂಘಗಳಿದ್ದರೆ, ಹಾಜರಿ ಪಟ್ಟಿಯಲ್ಲಿರುವವರಲ್ಲಿ ಶೇ. 51 ಮಂದಿಯ ಬೆಂಬಲವಿರುವ ಸಂಘವೊಂದೇ ಮಾತುಕತೆಗೆ ಕೂರುತ್ತದೆ. ಅಷ್ಟು ಬೆಂಬಲ ಯಾರಿಗೂ ಇಲ್ಲದಿದ್ದರೆ ಮಾತುಕತೆಯ ಮಂಡಳಿ ರಚನೆಯಾಗುತ್ತದೆ. ಅದರಲ್ಲಿ ಪ್ರತಿ ಶೇ. 20ಕ್ಕೆ ಒಂದು ಸ್ಥಾನ. ಈಗ ಲೆಕ್ಕ ಹಾಕಿ ನೋಡಿ. ಸಾವಿರ ಜನ ದುಡಿಯುವ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಿಮ್ಮಲ್ಲಿ ಮೂರು ಸಂಘಗಳು ತಲಾ 190 ಸದಸ್ಯರನ್ನು ಮಾಡಿಕೊಂಡಿವೆ ಎನ್ನೋಣ. ಒಟ್ಟು 570 ಜನ, ಅಂದರೆ ಅರ್ಧಕ್ಕಿಂತ ಹೆಚ್ಚು. ಆದರೂ ಮೂವರಲ್ಲಿ ಯಾರಿಗೂ ಒಂದು ಕುರ್ಚಿಯೂ ಸಿಗುವುದಿಲ್ಲ. ಮಾಲೀಕರು ತಮ್ಮ ಎಚ್.ಆರ್. ವಿಭಾಗದ ಮೂಲಕ ಕಟ್ಟಿಸಿದ ಸಂಘವೊಂದು 210 ಸಹಿ ತಂದರೆ ಅದಕ್ಕೆ ಕುರ್ಚಿ ಸಿಗುತ್ತದೆ. ಇಷ್ಟು ಸರಳವಾದ ಗಣಿತ ಕಣ್ಣೆದುರಿಗಿದ್ದರೂ ಇವತ್ತಿಗೂ ಒಂದೇ ಗೇಟಿನ ಮುಂದೆ, ಒಂದೇ ವಾರದಲ್ಲಿ, ಎರಡೆರಡು ಬಣ್ಣದ ಸದಸ್ಯತ್ವ ರಸೀದಿ ಪುಸ್ತಕಗಳು ಓಡಾಡುತ್ತಿರುವುದನ್ನು ನಾನು ನೋಡುತ್ತಿದ್ದೇನೆ.

ನಮ್ಮನ್ನು ಒಡೆಯುವುದಕ್ಕೆ ಸರ್ಕಾರ ತಂದ ನಿಯಮವಿದು ಎಂದು ನಿಮ್ಮಲ್ಲಿ ಪ್ರತಿಯೊಬ್ಬರೂ ಹೇಳುತ್ತೀರಿ. ಒಡಕು ಅದಕ್ಕಿಂತ ಹಳೆಯದು. ನಾವು ಒಂದಾಗುವುದಿಲ್ಲ ಎಂಬ ಭರವಸೆಯ ಮೇಲೆಯೇ ಈ ನಿಯಮ ಬರೆದಂತಿದೆ. ಆ ಭರವಸೆ ಸುಳ್ಳಾಗಬೇಕು ಎಂಬುದೇ ನನ್ನ ಬೇಡಿಕೆ. ಒಂದು ಕೆಲಸದ ಜಾಗಕ್ಕೆ ಒಂದೇ ಸಂಘ ಇರಲಿ. ಅದರ ಪದಾಧಿಕಾರಿಗಳನ್ನು ಅಲ್ಲಿ ದುಡಿಯುವವರೇ ಗುಪ್ತ ಮತದಾನದಲ್ಲಿ ಆರಿಸಲಿ. ನೀವೆಲ್ಲ ಅದರ ಬೆನ್ನಿಗೆ ನಿಲ್ಲಿ. ಅದು ಯಾವ ಫೆಡರೇಷನ್ನಿಗೆ ಸೇರಬೇಕು, ಸೇರಬೇಕೇ ಬೇಡವೇ ಎಂಬುದನ್ನು ಅವರೇ ತೀರ್ಮಾನಿಸಲಿ.

ಇದು ಭೋಳೆತನದ ಮಾತೆಂದು ನಿಮಗೆ ಅನ್ನಿಸಬಹುದು. ಹಾಗನ್ನಿಸಿದವರು 2016ರ ಏಪ್ರಿಲ್ 18 ಮತ್ತು 19ನ್ನು ನೆನೆಯಬೇಕು. ಆ ಎರಡು ದಿನಗಳ ಬಗ್ಗೆ ನಮ್ಮಲ್ಲಿ ಆಗಬೇಕಿದ್ದಷ್ಟು ಚರ್ಚೆ ಆಗಲೇ ಇಲ್ಲ ಎಂಬುದು ನನ್ನ ಬಹುದಿನದ ಕೊರಗು.

ಆ ವರ್ಷ ಫೆಬ್ರುವರಿ 10ರಂದು ಕೇಂದ್ರ ಸರ್ಕಾರ ಪಿ.ಎಫ್. ನಿಯಮ ಬದಲಿಸಿತು. ಕೆಲಸ ಬಿಟ್ಟವರು ತಮ್ಮ ಪಾಲಿನ ಹಣವನ್ನು ಮಾತ್ರ ತೆಗೆದುಕೊಳ್ಳಬಹುದು, ಮಾಲೀಕರ ಪಾಲು 58 ವರ್ಷ ತುಂಬುವವರೆಗೆ ಕೈಗೆ ಸಿಗುವುದಿಲ್ಲ ಎಂಬುದು ಅದರ ತಿರುಳು. ದೆಹಲಿಯಲ್ಲಿ ಕುಳಿತವರಿಗೆ ಇದು ವೃದ್ಧಾಪ್ಯದ ಭದ್ರತೆ. ಬೆಂಗಳೂರಿನ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಟೈಲರ್ ಹೆಣ್ಣುಮಗಳಿಗೆ ಹಾಗಲ್ಲ. ಮೂವತ್ತೈದು ನಲವತ್ತು ದಾಟಿದ ಮೇಲೆ ಲೈನಿನಲ್ಲಿ ಉಳಿಯುವುದೇ ಕಷ್ಟ. ಕಣ್ಣು ಸೋಲುತ್ತದೆ, ಸೊಂಟ ಸೋಲುತ್ತದೆ, ಟಾರ್ಗೆಟ್ ಮುಟ್ಟದವಳ ಮೇಲೆ ಸೂಪರ್‌ವೈಸರನ ಬಾಯಿ ದಿನವಿಡೀ ಹರಿಯುತ್ತದೆ. ಪಿ.ಎಫ್. ಅವಳ ಒಂದೇ ಉಳಿತಾಯ. ಮನೆ ಲೀಸಿಗೆ, ಮಗಳ ಮದುವೆಗೆ, ಗಂಡನ ಆಸ್ಪತ್ರೆಗೆ, ಊರಿನ ಸಾಲಕ್ಕೆ ಅದೇ ಗತಿ. 58 ಎಂಬ ಅಂಕಿ ಅವಳಿಗೆ ‘ನಿನ್ನ ದುಡ್ಡು ಮುಳುಗಿತು’ ಎಂದೇ ಕೇಳಿಸಿತು.

ಏಪ್ರಿಲ್ 18 ಸೋಮವಾರ. ಬೊಮ್ಮನಹಳ್ಳಿಯ ಒಂದು ಕಾರ್ಖಾನೆಯಿಂದ ಹೊರಟ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಬಂದು ಕುಳಿತರು. ಪಕ್ಕದ ಕಾರ್ಖಾನೆ, ಅದರ ಪಕ್ಕದ ಕಾರ್ಖಾನೆ ಖಾಲಿಯಾಗುತ್ತ ಹೋದವು. ಮಾರನೆಯ ದಿನ ಜಾಲಹಳ್ಳಿ, ಪೀಣ್ಯ, ಹೆಬ್ಬಗೋಡಿ. ಲಾಠಿ ಪ್ರಹಾರ, ಅಶ್ರುವಾಯು ಆಯಿತು. ಹೆಬ್ಬಗೋಡಿಯಲ್ಲಿ ವಾಹನಗಳು ಸುಟ್ಟವು. ಏಪ್ರಿಲ್ 19ರ ಸಂಜೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಆ ಅಧಿಸೂಚನೆಯನ್ನು ರದ್ದು ಮಾಡಿರುವುದಾಗಿ ಘೋಷಿಸಿದರು. ಬೆಂಗಳೂರಿನ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಂಗಸರು ದೇಶದ ಎಲ್ಲ ಪಿ.ಎಫ್. ಸದಸ್ಯರ ಹಣವನ್ನು ಎರಡೇ ದಿನದಲ್ಲಿ ಬಿಡಿಸಿಕೊಟ್ಟರು.

ಇದಕ್ಕೆ ನಿಮ್ಮಲ್ಲಿ ಯಾರೂ ಕರೆ ಕೊಟ್ಟಿರಲಿಲ್ಲ. ನೀವು ಆ ನಿಯಮವನ್ನು ವಿರೋಧಿಸಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಮನವಿಗಳನ್ನು ಕೊಟ್ಟಿದ್ದಿರಿ, ಹೇಳಿಕೆಗಳನ್ನು ಕೊಟ್ಟಿದ್ದಿರಿ. ಆದರೆ ಬೊಮ್ಮನಹಳ್ಳಿಯಲ್ಲಿ ಕಿಡಿ ಹೊತ್ತಿದಾಗ ಅದು ನಿಮ್ಮ ಕಚೇರಿಗಳ ಮೂಲಕ ಹಾಯಲಿಲ್ಲ. ಒಂದೇ ಪೀಜಿ, ಒಂದೇ ವಠಾರ, ಒಂದೇ ಕಾರ್ಖಾನೆ ಬಸ್ಸು, ಒಂದೇ ನಲ್ಲಿಯ ನೀರು, ಒಂದೇ ಚೀಟಿ ಗುಂಪು, ಊರಿನಿಂದ ಒಟ್ಟಿಗೆ ಬಂದ ಅಕ್ಕತಂಗಿಯರ ಜಾಲ: ಅವರ ಸಂಘಟನೆ ಇದ್ದದ್ದು ಅಲ್ಲಿ. ಮಾಧ್ಯಮಗಳು ಅದನ್ನು ‘ನಾಯಕರಿಲ್ಲದ ಹೋರಾಟ’ ಎಂದವು. ನಾಯಕಿಯರು ಬೇಕಾದಷ್ಟಿದ್ದರು. ಅವರ ಹೆಸರುಗಳು ನಮಗೆ ಗೊತ್ತಿರಲಿಲ್ಲ, ಅಷ್ಟೇ.

ಆಮೇಲಿನ ಚರ್ಚೆಗಳಲ್ಲಿ ಒಂದು ವಾದ ಮತ್ತೆ ಮತ್ತೆ ಕೇಳಿಬಂತು: ಇದು ತಾನಾಗಿ ಎದ್ದ ಸಿಟ್ಟು, ತಾನಾಗಿಯೇ ಇಳಿಯುತ್ತದೆ, ಪಕ್ಷ ಮತ್ತು ಪ್ರಜ್ಞೆ ಹೊರಗಿನಿಂದ ಬರಬೇಕು. 1902ರ ಲೆನಿನ್ ಪುಸ್ತಕವನ್ನು ನೆನಪಿನಿಂದ ಉದ್ಧರಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. 1905ರಲ್ಲಿ ರಷ್ಯಾದ ಮುಷ್ಕರಗಳನ್ನು ಕಂಡ ರೋಸಾ ಲಕ್ಸೆಂಬರ್ಗ್ ಮರುವರ್ಷ ಬರೆದ ಪುಸ್ತಿಕೆಯನ್ನೂ ಅವರು ಅದರ ಪಕ್ಕದಲ್ಲಿಟ್ಟು ಓದಬೇಕು. ಸಂಘಟನೆ ಮೊದಲು, ಹೋರಾಟ ಆಮೇಲೆ ಎಂಬ ಜರ್ಮನ್ ಸಂಘಗಳ ನಂಬಿಕೆಯನ್ನು ಆಕೆ ಅಲ್ಲಿ ತಲೆಕೆಳಗು ಮಾಡಿದ್ದರು. ಹೋರಾಟದ ಒಳಗಿನಿಂದಲೇ ಸಂಘಗಳು ಹುಟ್ಟುವುದನ್ನು ತೋರಿಸಿದ್ದರು. ಇಬ್ಬರಲ್ಲಿ ಯಾರು ಸರಿ ಎಂದು ಇತ್ಯರ್ಥ ಮಾಡುವ ಶಕ್ತಿ ನನಗಿಲ್ಲ. 2016ರಲ್ಲಿ ಹೋರಾಟ ಹುಟ್ಟಿತ್ತು, ಅದರಿಂದ ಸಂಘ ಹುಟ್ಟಿಸಿಕೊಳ್ಳುವ ಕೆಲಸ ನಮ್ಮ ಪಾಲಿಗೆ ಬಂದಿತ್ತು, ಅದನ್ನು ನಾವು ಮಾಡಲಿಲ್ಲ. ಇಷ್ಟನ್ನು ಹೇಳಲು ಯಾವ ಪುಸ್ತಕವೂ ಬೇಡ. ಬಂಧನಕ್ಕೊಳಗಾದವರಿಗೆ ವಕೀಲರನ್ನು ಒದಗಿಸಿದವರು ನಿಮ್ಮಲ್ಲಿದ್ದಾರೆ, ಅವರಿಗೆ ನಾನು ತಲೆಬಾಗುತ್ತೇನೆ. ಆದರೆ ಆ ರಸ್ತೆಗೆ ಬಂದಿದ್ದ ಸಾವಿರಾರು ಜನರಲ್ಲಿ ಎಷ್ಟು ಮಂದಿ ಆರು ತಿಂಗಳ ನಂತರ ಯಾವುದಾದರೊಂದು ಸಂಘದ ಸದಸ್ಯರಾಗಿದ್ದರು ಎಂದು ಕೇಳಿದರೆ ನಿಮ್ಮ ರಿಜಿಸ್ಟರುಗಳೇ ಉತ್ತರ ಹೇಳುತ್ತವೆ.

ಅದೇ 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತ್ತು. ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ 1980–81ರ ಸಾರ್ವಜನಿಕ ಉದ್ಯಮಗಳ ಮುಷ್ಕರ ನೆನಪಾಗುತ್ತದೆ. ಎಚ್‌ಎಎಲ್, ಬಿಇಎಲ್, ಬಿಇಎಂಎಲ್, ಎಚ್‌ಎಂಟಿ, ಐಟಿಐ ಕಾರ್ಮಿಕರು ಬಿಎಚ್‌ಇಎಲ್‌ಗೆ ಸಮನಾದ ವೇತನ ಕೇಳಿ 77 ದಿನ ಹೊರಗುಳಿದರು. ಲಕ್ಷಕ್ಕೂ ಮಿಕ್ಕಿದ ಜನ, ಕಟ್ಟುಮಸ್ತಾದ ಸಂಘಗಳು, ಜಂಟಿ ರಂಗ, ಅನುಭವಿ ಮುಖಂಡರು, ನಗರದ ಮಧ್ಯದಲ್ಲೇ ಟೌನ್‌ಶಿಪ್ಪುಗಳು. ಆದರೂ ಸೋತರು. ಕೇಂದ್ರ ಸರ್ಕಾರದ ಹಟ, ಪೊಲೀಸ್ ಬಲ, ಹಣದ ಮುಗ್ಗಟ್ಟು ಇವೆಲ್ಲ ಕಾರಣಗಳೇ. ನನ್ನ ತಿಳಿವಳಿಕೆಯಲ್ಲಿ ಇನ್ನೂ ಒಂದಿತ್ತು. ಪೀಣ್ಯದ ಸಣ್ಣ ವರ್ಕ್‌ಶಾಪುಗಳ ಹುಡುಗರು, ಆ ದೊಡ್ಡ ಕಾರ್ಖಾನೆಗಳ ಒಳಗೇ ಕಸ ಗುಡಿಸುತ್ತಿದ್ದ, ಕ್ಯಾಂಟೀನಿನಲ್ಲಿ ದುಡಿಯುತ್ತಿದ್ದ ಗುತ್ತಿಗೆಯವರು ಆ ಮುಷ್ಕರವನ್ನು ದೂರದಿಂದ ನೋಡಿದರು. ಅವರಿಗೆ ಕಾಯಂ ಕಾರ್ಮಿಕ ಬೇರೆ ಜಾತಿಯ ಮನುಷ್ಯನಂತೆ ಕಾಣುತ್ತಿದ್ದ. 1981ರಲ್ಲಿ ಸಂಘವಿತ್ತು, ಸುತ್ತಲ ಜನ ಇರಲಿಲ್ಲ. 2016ರಲ್ಲಿ ಜನವಿದ್ದರು, ಸಂಘ ಇರಲಿಲ್ಲ.

2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಆದದ್ದೂ ಇದೇ. ಐಫೋನ್ ಜೋಡಿಸುವ ಆಧುನಿಕ ಕಾರ್ಖಾನೆ, ಬಹುಪಾಲು ಮಂದಿ ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆ ಹುಡುಗ ಹುಡುಗಿಯರು, ಹೇಳಿದಷ್ಟು ಸಂಬಳ ಇಲ್ಲ, ದೂರು ಹೇಳಲು ಒಂದು ಸಂಘವಿಲ್ಲ. ಕಡೆಗೆ ಗಾಜು ಒಡೆಯಿತು. ನೂರಕ್ಕೂ ಹೆಚ್ಚು ಯುವಕರು ಜೈಲು ಸೇರಿದರು. ಸಂಬಳದ ಲೆಕ್ಕದಲ್ಲಿ ತಪ್ಪಾಗಿರುವುದನ್ನು ಆಮೇಲೆ ಕಂಪನಿಯೇ ಒಪ್ಪಿಕೊಂಡಿತು, ಆಪಲ್ ಅದನ್ನು ಕೆಲಕಾಲ ಎಚ್ಚರಿಕೆಯ ಪಟ್ಟಿಯಲ್ಲಿಟ್ಟಿತು. ಒಂದು ಸಂಘ ಒಂದು ತಿಂಗಳ ಮೊದಲು ಮಾಡಬಹುದಾಗಿದ್ದ ಕೆಲಸಕ್ಕೆ ಆ ಹುಡುಗರು ತಮ್ಮ ಭವಿಷ್ಯ ತೆತ್ತರು. ಎಷ್ಟೋ ಮನೆಗಳಲ್ಲಿ ಐಟಿಐ, ಡಿಪ್ಲೊಮಾ ಮುಗಿಸಿದ ಮೊದಲ ಮಗ ಅವನು. ಪೊಲೀಸ್ ಕೇಸು ಮೈಮೇಲಿರುವವನಿಗೆ ಮತ್ತೊಂದು ಕಾರ್ಖಾನೆಯ ಬಾಗಿಲು ಎಲ್ಲಿ ತೆರೆಯುತ್ತದೆ?

ಸಂಘವಿದ್ದಾಗ ಏನಾಗುತ್ತದೆ ಎಂಬುದಕ್ಕೂ ಅದೇ ವರ್ಷದ ಉದಾಹರಣೆ ಇದೆ. ಶ್ರೀರಂಗಪಟ್ಟಣದ ಯೂರೋ ಕ್ಲೋದಿಂಗ್ ಕಾರ್ಖಾನೆಯನ್ನು 2020ರ ಜೂನ್‌ನಲ್ಲಿ, ಕೋವಿಡ್ ಹೊತ್ತಿನಲ್ಲಿ, ಹಠಾತ್ತನೆ ನಿಲ್ಲಿಸಿದರು. 1,200ಕ್ಕೂ ಹೆಚ್ಚು ಜನ ಬೀದಿಗೆ ಬಿದ್ದರು. ಅವರಲ್ಲಿ ಹೆಚ್ಚಿನವರು ಒಂದೇ ಸಂಘದ ಸದಸ್ಯರು, ಗಾರ್ಮೆಂಟ್ ಆಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್. ಅವರು ಗೇಟು ಬಿಟ್ಟು ಕದಲಲಿಲ್ಲ. ಅಲ್ಲಿ ಹೊಲಿದ ಬಟ್ಟೆ ಕೊಳ್ಳುತ್ತಿದ್ದ ಎಚ್ ಆಂಡ್ ಎಂ ಕಂಪನಿಯ ಹೆಸರು ಹಿಡಿದು ಯುರೋಪಿನವರೆಗೆ ದನಿ ಮುಟ್ಟಿಸಿದರು. 2021ರ ಫೆಬ್ರುವರಿಯಲ್ಲಿ ಮಾಲೀಕ ಸಂಸ್ಥೆ ಸಂಘದ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು; ತನ್ನ ಬೇರೆ ಕಾರ್ಖಾನೆಯಲ್ಲಿ ಅವರಿಗೆ ಮತ್ತೆ ಕೆಲಸ ಕೊಡಲು, ಸಂಘವನ್ನು ಮಾನ್ಯ ಮಾಡಲು ಒಪ್ಪಿತು. ಅಲ್ಲಿ ಮೂರು ಸಂಘಗಳು ಸದಸ್ಯರನ್ನು ಹಂಚಿಕೊಂಡಿದ್ದರೆ ಇದು ಸಾಧ್ಯವಾಗುತ್ತಿತ್ತೇ? ನೀವೇ ಹೇಳಿ.

ನಿಮ್ಮ ಆಕ್ಷೇಪಗಳು ನನಗೆ ಗೊತ್ತು.

ರಾಜಕೀಯ ನಿಲುವುಗಳು ಬೇರೆ ಬೇರೆ, ಅವನ್ನು ಒರೆಸಿಹಾಕಲಾಗದು ಎನ್ನುತ್ತೀರಿ. ನಿಜ. 1920ರಲ್ಲಿ ಒಂದಾಗಿ ಹುಟ್ಟಿದ ಎಐಟಿಯುಸಿಯಿಂದ 1970ರಲ್ಲಿ ಸಿಐಟಿಯು ಹೊರಬಂದದ್ದು ಹುಡುಗಾಟಕ್ಕಲ್ಲ. ಅದಕ್ಕೂ ಆರು ವರ್ಷ ಮೊದಲು ಕಮ್ಯುನಿಸ್ಟ್ ಪಕ್ಷ ಒಡೆದಿತ್ತು, ಕಾಂಗ್ರೆಸ್ಸಿನ ಜೊತೆ ಹೇಗೆ ನಡೆದುಕೊಳ್ಳಬೇಕೆಂಬುದು ಪ್ರಾಣಾಂತಿಕ ಪ್ರಶ್ನೆಯಾಗಿತ್ತು. ಆ ಜಗಳ ನಿಮ್ಮ ಪಕ್ಷಗಳಲ್ಲಿ ನಡೆಯಲಿ, ಪತ್ರಿಕೆಗಳಲ್ಲಿ ನಡೆಯಲಿ, ಇನ್ನೂ ಜೋರಾಗಿಯೇ ನಡೆಯಲಿ. ಆದರೆ 1995ರಲ್ಲಿ ಹುಟ್ಟಿ ರಾಯಚೂರಿನಿಂದ ಬಂದು ಚೆಕ್ಕಿಂಗ್ ಟೇಬಲ್ಲಿನ ಮುಂದೆ ನಿಂತವಳಿಗೆ ಆ ಜಗಳದ ಬೆಲೆಯನ್ನು ತೆರುವಂತೆ ಮಾಡಬೇಡಿ. 2004ರ ಚುನಾವಣೆಯಲ್ಲಿ ಬಾಗೇಪಲ್ಲಿಯಿಂದ ಜಿ.ವಿ. ಶ್ರೀರಾಮರೆಡ್ಡಿಯವರು ಗೆದ್ದದ್ದು ಬಿಟ್ಟರೆ ಆಮೇಲೆ ನಮ್ಮ ವಿಧಾನಸಭೆಗೆ ಒಬ್ಬನೇ ಒಬ್ಬ ಎಡ ಶಾಸಕ ಹೋಗಿಲ್ಲ. ಪಕ್ಷಗಳು ಇಷ್ಟು ಸೊರಗಿರುವಾಗ ಅವುಗಳ ಗಡಿರೇಖೆಗಳನ್ನು ಕಾರ್ಖಾನೆಯ ನೆಲದ ಮೇಲೆ ಕಾಯುವುದರಿಂದ ಯಾರಿಗೂ ಲಾಭವಿಲ್ಲ.

ಹೊರಗಿನ ನಾಯಕರಿಲ್ಲದಿದ್ದರೆ ಒಳಗಿನವರನ್ನು ಒಂದೇ ದಿನದಲ್ಲಿ ಕೆಲಸದಿಂದ ತೆಗೆಯುತ್ತಾರೆ ಎನ್ನುತ್ತೀರಿ. ಇದು ಗಟ್ಟಿಯಾದ ಆಕ್ಷೇಪ. ಸಂಘಕ್ಕೆ ಸಹಿ ಹಾಕಿದ ಮಾರನೆಯ ದಿನ ಬೇರೆ ಯೂನಿಟ್ಟಿಗೆ ವರ್ಗ, ಬಸ್ಸು ಬಂದ್, ಊರಿನ ಗಂಡನಿಗೆ ಫೋನು, ಫ್ಲೋರಿನಲ್ಲಿ ಎಲ್ಲರೆದುರು ಅವಮಾನ: ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊರಗಿನವರು ಬೇಕು. ವಕೀಲರಾಗಿ, ಲೆಕ್ಕ ಹಾಕಿಕೊಡುವವರಾಗಿ, ಕಾರ್ಮಿಕ ಇಲಾಖೆಯ ಮುಂದೆ ವಾದಿಸುವವರಾಗಿ ಖಂಡಿತ ಬೇಕು. ಸಂಘಟಿತ ವಲಯದಲ್ಲಿ ಹೊರಗಿನ ಪದಾಧಿಕಾರಿಗಳು ಮೂರನೇ ಒಂದು ಪಾಲು ಅಥವಾ ಐದು ಜನ, ಯಾವುದು ಕಡಿಮೆಯೋ ಅಷ್ಟೇ ಇರಬೇಕೆಂದು ಕಾರ್ಮಿಕ ಸಂಘಗಳ ಕಾಯ್ದೆಯ 2001ರ ತಿದ್ದುಪಡಿಯೇ ಹೇಳಿತ್ತು. ಅಷ್ಟು ಜಾಗ ಸಾಕು. ತೊಂದರೆ ಇರುವುದು ಬೇರೆ ಕಡೆ: ಒಂದೇ ಮನುಷ್ಯ ಇಪ್ಪತ್ತು ಕಾರ್ಖಾನೆಗಳ ಸಂಘಕ್ಕೆ ಅಧ್ಯಕ್ಷನಾಗಿ, ಇಪ್ಪತ್ತು ವರ್ಷ ಅಲ್ಲೇ ಕುಳಿತು, ಒಪ್ಪಂದದ ಕರಡನ್ನು ತಾನೊಬ್ಬನೇ ಓದಿ, ತಾನೇ ಸಹಿ ಹಾಕುವಾಗ. ಪ್ರಾಮಾಣಿಕನಾಗಿದ್ದರೂ ಅವನು ಬೆಳೆಸಬೇಕಾಗಿದ್ದ ಹತ್ತು ಜನರನ್ನು ಬೆಳೆಯಗೊಡುವುದಿಲ್ಲ. ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು ಬಹುಪಾಲು ಹೆಂಗಸರು. ನಿಮ್ಮ ವೇದಿಕೆಯ ಮೇಲಿನ ಕುರ್ಚಿಗಳಲ್ಲಿ ಬಹುಪಾಲು ಗಂಡಸರು. ಇದರ ಬಗ್ಗೆ ಮೂವತ್ತು ವರ್ಷಗಳಿಂದ ನಿರ್ಣಯಗಳಾಗುತ್ತಿವೆ. ಅಂಗನವಾಡಿ, ಆಶಾ, ಬಿಸಿಯೂಟದ ಹೆಣ್ಣುಮಕ್ಕಳು ಇದಕ್ಕೆ ಉತ್ತರ ಕೊಟ್ಟಾಗಿದೆ. 2017ರ ಮಾರ್ಚ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರು ರಾಜ್ಯದ ಮೂಲೆಮೂಲೆಯಿಂದ ಬಂದು ಬೆಂಗಳೂರಿನ ರಸ್ತೆಯಲ್ಲೇ ರಾತ್ರಿ ಮಲಗಿ ಹಗಲು ಕುಳಿತರು. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಕುಳಿತು ಮಾಸಿಕ 10,000 ರೂಪಾಯಿಯ ಭರವಸೆ ಪಡೆದೇ ಎದ್ದರು. ಅವರ ತಾಲ್ಲೂಕು ಮಟ್ಟದ ಮುಖಂಡರು ಅವರೇ, ಅವರ ವಾಟ್ಸಾಪ್ ಗುಂಪು ನಡೆಸುವವರು ಅವರೇ, ಬಸ್ಸು ಹಿಡಿಯುವ ಲೆಕ್ಕ ಬರೆಯುವವರೂ ಅವರೇ. ನಿಮ್ಮದೇ ಸಂಘಟನೆಗಳ ಒಳಗೆ ಇರುವ ಈ ಪಾಠವನ್ನು ಕಾರ್ಖಾನೆಗೆ ಏಕೆ ತರುತ್ತಿಲ್ಲ?

ಮೂರನೆಯದು ಹಳೆಯ ವಾದ: ಕೂಲಿ, ಭತ್ಯೆ ಎಂದು ಹಿಂದೆ ಬಿದ್ದರೆ ಅದು ಬರೀ ಆರ್ಥಿಕವಾದ, ರಾಜಕೀಯ ಪ್ರಜ್ಞೆ ಬೆಳೆಯುವುದಿಲ್ಲ. 417 ರೂಪಾಯಿಯ ಕಥೆ ನೆನಪಿಸಲೇ? 2020ರ ಏಪ್ರಿಲ್‌ನಿಂದ ಬರಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ. ಗಾರ್ಮೆಂಟ್ಸ್ ಮಾಲೀಕರು ಕೊಡಲಿಲ್ಲ. ಅವರ ಒತ್ತಾಯಕ್ಕೆ ಮಣಿದು ಸರ್ಕಾರ ಅದನ್ನು ಒಂದು ವರ್ಷ ಮುಂದೂಡಿತು. 2020ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಮುಂದೂಡಿಕೆಗೆ ತಡೆ ಕೊಟ್ಟ ಮೇಲೂ ಹಣ ಬರಲಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಂದ ತಿಂಗಳಿಗೆ 16 ಕೋಟಿಗೂ ಮಿಕ್ಕಿದ ಹಣ ಹೀಗೆ ಮಾಲೀಕರ ಬಳಿ ಉಳಿಯಿತು. ಒಂದು ಸಂಘ ಪಟ್ಟು ಹಿಡಿದು, ವಿದೇಶದ ಕಾರ್ಮಿಕ ಹಕ್ಕು ಸಂಸ್ಥೆಗಳ ಮೂಲಕ ಬ್ರಾಂಡುಗಳ ಮೇಲೆ ಒತ್ತಡ ತಂದ ಮೇಲೆ, 2022ರ ಹೊತ್ತಿಗೆ ಬಾಕಿ ಕೈಸೇರತೊಡಗಿತು. ಈ 417 ರೂಪಾಯಿಯಲ್ಲಿ ಸರ್ಕಾರ ಯಾರ ಮಾತು ಕೇಳುತ್ತದೆ, ನ್ಯಾಯಾಲಯದ ಆದೇಶಕ್ಕೆ ಎಷ್ಟು ಬೆಲೆ, ಬೆಂಗಳೂರಿನ ಶರ್ಟು ಸ್ಟಾಕ್‌ಹೋಮಿನಲ್ಲಿ ಎಷ್ಟಕ್ಕೆ ಮಾರಾಟವಾಗುತ್ತದೆ ಎಲ್ಲವೂ ಇದೆ. ಇದಕ್ಕಿಂತ ಒಳ್ಳೆಯ ರಾಜಕೀಯ ತರಗತಿ ನೀವು ಎಲ್ಲಿ ನಡೆಸುತ್ತೀರಿ?

ಕನಿಷ್ಠ ವೇತನದ್ದೂ ಹೀಗೆಯೇ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ 2,700 ಕ್ಯಾಲರಿ ಆಹಾರ, ವರ್ಷಕ್ಕೆ ಕುಟುಂಬಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು ಎಂದು ಲೆಕ್ಕ ಹಾಕಿತು. ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಮಕ್ಕಳ ಓದು, ಔಷಧ, ಮದುವೆ, ಮುಪ್ಪಿನ ಖರ್ಚಿಗೆಂದು ಶೇ. 25 ಸೇರಿಸಿತು. ಈ ಸೂತ್ರ ಹಿಡಿದು ಎಐಟಿಯುಸಿ ಹೈಕೋರ್ಟಿನಲ್ಲಿ ನಡೆಸಿದ ಹೋರಾಟ ದೊಡ್ಡದು. ಆದರೆ ತನ್ನ ಸಂಬಳ ಯಾವ ಸೂತ್ರದಿಂದ ಬರಬೇಕೆಂದು ಲೈನಿನಲ್ಲಿ ಕುಳಿತವಳಿಗೆ ಗೊತ್ತಿಲ್ಲ. ಒಂದು ತಿಂಗಳ ಅಕ್ಕಿ, ಬೇಳೆ, ಎಣ್ಣೆ, ಗ್ಯಾಸ್, ಬಾಡಿಗೆ, ಮಗುವಿನ ಸ್ಕೂಲ್ ವ್ಯಾನು, ಮೈಕ್ರೋಫೈನಾನ್ಸ್ ಕಂತು ಎಲ್ಲವನ್ನೂ ಹತ್ತು ಹೆಂಗಸರು ಕೂತು ಬರೆಯಲಿ. ಆ ಪಟ್ಟಿಯೇ ಬೇಡಿಕೆ ಪತ್ರವಾಗಲಿ. ಕಂತಿನ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ: ವಾರ ವಾರ ಬಾಗಿಲಿಗೆ ಬಂದು ನಿಲ್ಲುವ ಸಾಲ ವಸೂಲಿಯವನಿಗೆ ಹೆದರಿ ಮುಷ್ಕರಕ್ಕೆ ಬಾರದವರು ಬಹಳ ಮಂದಿ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲದ ಪ್ರಶ್ನೆಯನ್ನು ಮನೆಯ ವಿಷಯವೆಂದು ಬಿಟ್ಟ ಸಂಘಕ್ಕೆ ಆಕೆ ಒಂದು ದಿನದ ಸಂಬಳವನ್ನೂ ಕಳೆದುಕೊಂಡು ಬರುವುದಿಲ್ಲ.

ಜಾತಿಯ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. 1938ರಲ್ಲಿ ಮುಂಬೈ ಪ್ರಾಂತದ ಕಾಂಗ್ರೆಸ್ ಸರ್ಕಾರ ಮುಷ್ಕರದ ಹಕ್ಕನ್ನು ಮೊಟಕುಗೊಳಿಸುವ ಕೈಗಾರಿಕಾ ವಿವಾದಗಳ ಮಸೂದೆ ತಂದಾಗ ಡಾ. ಅಂಬೇಡ್ಕರ್ ಅವರ ಸ್ವತಂತ್ರ ಕಾರ್ಮಿಕ ಪಕ್ಷವೂ ಕಮ್ಯುನಿಸ್ಟರೂ ಸೇರಿ ನವೆಂಬರ್ 7ರಂದು ಮುಷ್ಕರ ನಡೆಸಿದರು. ಮುಷ್ಕರದ ಹಕ್ಕನ್ನು ಅಂಬೇಡ್ಕರ್ ಸ್ವಾತಂತ್ರ್ಯದ ಹಕ್ಕೇ ಎಂದು ಶಾಸನಸಭೆಯಲ್ಲಿ ವಾದಿಸಿದ್ದರು. ಆ ಒಂದು ದಿನದ ಜೊತೆ ನಡಿಗೆ ಮುಂದುವರಿಯಲಿಲ್ಲ. ಕಾರಣವೂ ಗೊತ್ತಿರುವುದೇ: ಮುಂಬೈಯ ಬಟ್ಟೆ ಗಿರಣಿಗಳಲ್ಲಿ ಹೆಚ್ಚು ಕೂಲಿ ಸಿಗುವ ನೇಯ್ಗೆ ವಿಭಾಗಕ್ಕೆ ದಲಿತರನ್ನು ಬಿಟ್ಟುಕೊಳ್ಳುತ್ತಿರಲಿಲ್ಲ, ನೂಲನ್ನು ಬಾಯಿಂದ ಹೀರಿ ಪೋಣಿಸಬೇಕಾದ್ದರಿಂದ ಮೈಲಿಗೆಯಾಗುತ್ತದೆಂದು. ಅಲ್ಲಿನ ಕೆಂಬಾವುಟದ ಸಂಘಗಳು ಅದನ್ನು ಕಾರ್ಮಿಕರ ಪ್ರಶ್ನೆಯಾಗಿ ಕೈಗೆತ್ತಿಕೊಳ್ಳಲಿಲ್ಲ. ವರ್ಗ ಮೊದಲೋ ಜಾತಿ ಮೊದಲೋ ಎಂದು ನಾವು ಇಂದಿಗೂ ವಿಚಾರಸಂಕಿರಣಗಳಲ್ಲಿ ಕೂರುತ್ತೇವೆ. ಬೆಂಗಳೂರಿನ ಪೌರಕಾರ್ಮಿಕರು ಆ ಪ್ರಶ್ನೆಯನ್ನು ಬೀದಿಯಲ್ಲೇ ಬಗೆಹರಿಸಿದ್ದಾರೆ. ಅವರ ಸಂಘ ಗುತ್ತಿಗೆ ಪದ್ಧತಿಯ ವಿರುದ್ಧ ಹೋರಾಡುವಾಗ ಅದು ಜಾತಿಯ ವಿರುದ್ಧದ ಹೋರಾಟವೂ ಹೌದೆಂದು ಒಂದೇ ಉಸಿರಿನಲ್ಲಿ ಹೇಳಿತು. 2022ರ ಜುಲೈ 1ರಂದು ಆರಂಭಿಸಿದ ಮುಷ್ಕರದಲ್ಲಿ ಕಾಯಮಾತಿಯ ಲಿಖಿತ ಭರವಸೆ ಪಡೆದರು. 2025ರ ಮೇ ದಿನದಂದು 12,000ಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಕಸದ ಆಟೋ ಓಡಿಸುವವರು, ಲೋಡರುಗಳು ಇನ್ನೂ ಹೊರಗಿದ್ದಾರೆ. ಆದರೂ ಕಳೆದ ಹತ್ತು ವರ್ಷಗಳಲ್ಲಿ ಕರ್ನಾಟಕದ ಕಾರ್ಮಿಕ ಚಳವಳಿ ಗಳಿಸಿದ ಅತಿ ದೊಡ್ಡ ಗೆಲುವು ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಡೆಲಿವರಿ ಹುಡುಗರ ವಿಷಯದಲ್ಲಿ ನಿಮ್ಮೊಳಗಿನ ವಾದ ಬೇರೆ. 2025ರಲ್ಲಿ ರಾಜ್ಯ ಸರ್ಕಾರ ತಂದ ಗಿಗ್ ಕಾರ್ಮಿಕರ ಕಾಯ್ದೆ ಪ್ರತಿ ಪಾವತಿಯ ಮೇಲೆ ಶೇ. 1ರಿಂದ 5ರವರೆಗೆ ಕಂಪನಿಗಳಿಂದ ಶುಲ್ಕ ತೆಗೆದುಕೊಂಡು ಕಲ್ಯಾಣ ನಿಧಿ ಮಾಡುತ್ತದೆ, ಐಡಿ ಬ್ಲಾಕ್ ಮಾಡುವ ಮೊದಲು 14 ದಿನದ ನೋಟಿಸು ಕೇಳುತ್ತದೆ. ಅವರನ್ನು ಉದ್ಯೋಗಿಗಳೆಂದು ಒಪ್ಪದೆ ನಿಧಿಯ ಆಸೆ ತೋರಿಸುವ ಕಾಯ್ದೆ ಇದು ಎಂದು ಕೆಲವರು, ಸಿಕ್ಕಿದ್ದನ್ನು ಹಿಡಿದುಕೊಂಡು ಮುಂದೆ ಹೋಗೋಣ ಎಂದು ಕೆಲವರು. ಎರಡರಲ್ಲೂ ಹುರುಳಿದೆ. ಕಲ್ಯಾಣ ಮಂಡಳಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳ ಕುರ್ಚಿಗಳಿವೆ. ಅವುಗಳಿಗಾಗಿ ನಿಮ್ಮ ನಿಮ್ಮಲ್ಲೇ ಪೈಪೋಟಿ ನಡೆಯದಂತೆ ನೋಡಿಕೊಂಡರೆ ಸದ್ಯಕ್ಕೆ ಅಷ್ಟೇ ದೊಡ್ಡ ಉಪಕಾರ.

ಒಂದಾಗುವುದು ಆಗದ ಮಾತು ಎನ್ನುವವರಿಗೆ ದೇವನಹಳ್ಳಿಯನ್ನು ತೋರಿಸುತ್ತೇನೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. ರೈತ ಸಂಘದ ಹಸಿರು ಶಾಲು, ದಲಿತ ಸಂಘಟನೆಗಳ ನೀಲಿ, ನಿಮ್ಮ ಕೆಂಪು ಒಂದೇ ಚಪ್ಪರದಡಿ ಸೇರಿದವು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಹೇಳಬೇಕಾಯಿತು. ಅಲ್ಲಿ ಯಾರ ಬಾವುಟ ಮುಂದೆ ಎಂಬ ಪ್ರಶ್ನೆಗೆ ಹಳ್ಳಿಯವರೇ ಉತ್ತರ ಕೊಟ್ಟಿದ್ದರು: ತೀರ್ಮಾನ ನಮ್ಮದು, ಬೆಂಬಲ ನಿಮ್ಮದು. ಕಾರ್ಖಾನೆಯ ಗೇಟಿನಲ್ಲಿ ನಾನು ಕೇಳುತ್ತಿರುವುದು ಅದೇ ಏರ್ಪಾಡು. ಹಳ್ಳಿಯಲ್ಲಿ ನಿಮಗೆ ಸಾಧ್ಯವಾದದ್ದು ಪೀಣ್ಯದಲ್ಲಿ ಏಕೆ ಸಾಧ್ಯವಿಲ್ಲ?

ಹೇಗೆ ಶುರು ಮಾಡುವುದು ಎಂದರೆ, ಗಾರ್ಮೆಂಟ್ಸ್‌ನಿಂದಲೇ. ಬೊಮ್ಮನಹಳ್ಳಿ, ಪೀಣ್ಯ, ಮದ್ದೂರು ಈ ಮೂರೇ ಕಡೆ ಸಾಕು. ಅಲ್ಲಿ ಹೊಸ ಸದಸ್ಯತ್ವಕ್ಕೆ ನಿಮ್ಮೆಲ್ಲರ ಹೆಸರಿನಲ್ಲಿ ಒಂದೇ ರಸೀದಿ ಪುಸ್ತಕ ಅಚ್ಚು ಹಾಕಿಸಿ. ಯಾವ ಕಾರ್ಖಾನೆಯಲ್ಲಿ ಈಗಾಗಲೇ ಒಂದು ಸಂಘ ಬೇರು ಬಿಟ್ಟಿದೆಯೋ ಅಲ್ಲಿಗೆ ಉಳಿದವರು ಹೋಗಬೇಡಿ, ನಿಮ್ಮ ಸದಸ್ಯರನ್ನು ಅದಕ್ಕೇ ಸೇರಿಸಿ. ಗೇಟ್ ಮೀಟಿಂಗು ಸಾಕು ಎಂದುಕೊಳ್ಳಬೇಡಿ. ಗೇಟಿನಲ್ಲಿ ಕ್ಯಾಮೆರಾ ಇದೆ, ಸೆಕ್ಯುರಿಟಿಯವನಿದ್ದಾನೆ, ಬಸ್ಸು ಹೊರಡುವ ಅವಸರವಿದೆ. ವಠಾರಗಳಿಗೆ ಹೋಗಿ. ಅದಕ್ಕೆ ಗಂಡು ಕಾರ್ಯಕರ್ತರು ಆಗುವುದಿಲ್ಲ, ಕೆಲಸ ಬಿಟ್ಟ ಹಳೆಯ ಟೈಲರುಗಳನ್ನು ಪೂರ್ಣಾವಧಿಗೆ ತೆಗೆದುಕೊಂಡು ಗೌರವದ ಸಂಬಳ ಕೊಡಿ. ಒಡಿಶಾ, ಜಾರ್ಖಂಡ್‌ಗಳಿಂದ ಬಂದು ಕಂಪನಿ ಹಾಸ್ಟೆಲುಗಳಲ್ಲಿರುವ ಹುಡುಗಿಯರಿಗೆ ಕನ್ನಡದ ಕರಪತ್ರ ಓದಲು ಬಾರದು. ಒಡಿಯಾ, ಹಿಂದಿಯಲ್ಲೂ ಅಚ್ಚು ಹಾಕಿಸಿ. ಒಪ್ಪಂದದ ಕರಡನ್ನು ಸಹಿಗೆ ಮೊದಲು ಸಭೆಯಲ್ಲಿ ಓದಿ ಮತಕ್ಕೆ ಹಾಕಿ. ಲೆಕ್ಕಪತ್ರವನ್ನು ವರ್ಷಕ್ಕೊಮ್ಮೆ ಸದಸ್ಯರ ಮುಂದೆ ಇಡಿ.

ನಿಮ್ಮ ಜಂಟಿ ಸಮಿತಿಯ ಸಭೆಗಳು ನಗರದ ನಡುವಿನ ಕಚೇರಿಗಳಲ್ಲಿ, ಹಗಲು ಹೊತ್ತಿನಲ್ಲಿ ನಡೆಯುತ್ತವೆ. ಮುಂದಿನದನ್ನು ಬೊಮ್ಮನಹಳ್ಳಿಯಲ್ಲಿ, ರಾತ್ರಿ ಏಳೂವರೆಗೆ ಇಟ್ಟುಕೊಳ್ಳಿ. ಅಡುಗೆ ಮಾಡಿಟ್ಟು ಬರಬೇಕಾದ ಹೆಣ್ಣುಮಕ್ಕಳಿಗೆ ಅಲ್ಲೇ ಊಟದ ವ್ಯವಸ್ಥೆ ಮಾಡಿ, ಮಕ್ಕಳನ್ನು ನೋಡಿಕೊಳ್ಳಲು ಇಬ್ಬರನ್ನು ನಿಲ್ಲಿಸಿ. ಕಾರ್ಯಸೂಚಿಯಲ್ಲಿ ಒಂದೇ ವಿಷಯ ಇರಲಿ: ಯಾವ ಯಾವ ಕಾರ್ಖಾನೆಯಲ್ಲಿ ಯಾರು ಹಿಂದೆ ಸರಿಯುತ್ತಾರೆ. ಆ ಪಟ್ಟಿಗೆ ನೀವೆಲ್ಲ ಸಹಿ ಹಾಕಿದ ದಿನ ನನ್ನನ್ನು ಕರೆಯಿರಿ, ಕರಪತ್ರ ಬರೆದುಕೊಡುತ್ತೇನೆ.



ನಿಮ್ಮವನೇ ಆದ ಒಬ್ಬ ಸಂಗಾತಿ